‘ಪೇಟೆಂಟ್’ ಸ್ಟಿಕ್ಕರ್ ನೋಡಿ ಹೆದರಬೇಕಾ? ಬಣ್ಣದ ಮೇಲೆ ಸರ್ಕ್ಯೂಟ್ ಮುದ್ರಿಸುವ ಕಾಲದಲ್ಲಿ ಕಲ್ಪತರು ನಾಡಿನ ವರ್ಕ್‌ಶಾಪ್‌ಗಳ ಲೆಕ್ಕ

ತಿಪಟೂರು: ಕಾಯಿ ಸುಲಿಯೋ ಯಂತ್ರ, ಕೊಬ್ಬರಿ ಡ್ರೈಯರ್, ಎಲೆಕ್ಟ್ರಾನಿಕ್ ತಕ್ಕಡಿ, ಮೊಬೈಲ್‌ನಿಂದ ಪಂಪ್ ಆನ್ ಮಾಡೋ ಸ್ಟಾರ್ಟರ್ ಬಾಕ್ಸು. ಇಂಥ ಸಾಮಾನು ಕೊಳ್ಳೋಕೆ ಹೋದ್ರೆ ‘ಪೇಟೆಂಟೆಡ್ ಟೆಕ್ನಾಲಜಿ’, ‘ಪೇಟೆಂಟ್ ಪೆಂಡಿಂಗ್’ ಅನ್ನೋ ಸ್ಟಿಕ್ಕರ್ ಎಲ್ಲೋ ಒಂದು ಮೂಲೆಯಲ್ಲಿ ಕಾಣುತ್ತೆ. ಕೊಳ್ಳೋ ರೈತನಿಗೆ ಅದು ಗ್ಯಾರಂಟಿ ಥರ ಕಾಣಿಸುತ್ತೆ. ಅದೇ ಥರದ ಯಂತ್ರ ಮಾಡಿಕೊಡೋ ಊರಿನ ವೆಲ್ಡಿಂಗ್ ಶಾಪಿನವನಿಗೆ ಬೆದರಿಕೆ ಥರ ಕಾಣಿಸುತ್ತೆ. ಎರಡೂ ಪೂರ್ತಿ ನಿಜ ಅಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ವ್ಯಾಪಾರ ನಿಂತಿರೋದು ತೆಂಗಿನ ಮೇಲೆ. ಉಂಡೆ ಕೊಬ್ಬರಿ, ಕೊಬ್ಬರಿ ಪುಡಿ ಘಟಕ, ನಾರಿನ ಘಟಕ, ಚಿಪ್ಪಿನ ಇದ್ದಿಲು, ಇವೆಲ್ಲಕ್ಕೂ ಯಂತ್ರ ಬೇಕು. ಆ ಯಂತ್ರಗಳಲ್ಲಿ ಈಗ ಕಬ್ಬಿಣದ ಜೊತೆ ಎಲೆಕ್ಟ್ರಾನಿಕ್ಸ್ ಸೇರಿಕೊಂಡಿದೆ. ಹಾಗಾಗಿ ಪೇಟೆಂಟ್ ಕಚೇರಿಯಲ್ಲಿ ಕೂತ ಪರೀಕ್ಷಕ ಒಂದು ಅರ್ಜಿಗೆ ‘ಹೂಂ’ ಅಂತಾನೋ ‘ಊಹೂಂ’ ಅಂತಾನೋ ಅನ್ನೋದು ನಮ್ಮ ಬಿ.ಎಚ್. ರಸ್ತೆಯ ಅಂಗಡಿಯವರಿಗೂ ಸಂಬಂಧಪಟ್ಟ ವಿಷಯ.

ಬಣ್ಣದ ಮೇಲೆ ಸರ್ಕ್ಯೂಟ್ ಅಂದ್ರೆ ಏನು?

ಮೊದಲೆಲ್ಲ ಸರ್ಕ್ಯೂಟ್ ಅಂದ್ರೆ ಹಸಿರು ಬೋರ್ಡು, ಅದರ ಮೇಲೆ ಬೆಸುಗೆ ಹಾಕಿದ ಬಿಡಿಭಾಗ. ಆ ಬೋರ್ಡನ್ನು ಒಂದು ಡಬ್ಬಿಯೊಳಗೆ ಸ್ಕ್ರೂ ಹಾಕಿ ಕೂರಿಸಬೇಕಿತ್ತು. ಈಗ ಇನ್ನೊಂದು ದಾರಿ ಬೆಳೀತಿದೆ. ಲೋಹದ ತಗಡು, ಗಾಜು ಅಥವಾ ಪ್ಲಾಸ್ಟಿಕ್ಕಿಗೆ ಮೊದಲು ಕರೆಂಟ್ ಹರಿಯದ ಒಂದು ಲೇಪನ ಬಳೀತಾರೆ. ಅದು ಒಣಗಿದ ಮೇಲೆ ಬೆಳ್ಳಿಯ ಕಣ ಬೆರೆಸಿದ ಶಾಯಿಯಲ್ಲಿ ಗೆರೆ ಮುದ್ರಿಸ್ತಾರೆ. ಬಿಸಿ ಮಾಡಿದಾಗ ಆ ಗೆರೆಯೇ ತಂತಿ ಆಗುತ್ತೆ. ಲೇತ್ ಕೆಲಸದವರು ‘ಜಾಬ್’ ಅಂತಾರಲ್ಲ, ಅದೇ ಜಾಬ್ ಮೇಲೆ ನೇರವಾಗಿ ಸರ್ಕ್ಯೂಟ್ ಕೂತುಬಿಡುತ್ತೆ.

ಇದು ಎಲ್ಲೋ ವಿದೇಶದ ಮಾತಲ್ಲ. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಒತ್ತಿದ್ರೆ ‘ಟಿಕ್’ ಅನ್ನೋ ತೆಳು ಹಾಳೆಯ ಕೀಲಿಪಟ್ಟಿ ಇರುತ್ತಲ್ಲ, ಸಾಮಾನ್ಯವಾಗಿ ಅದರೊಳಗಿನ ಗೆರೆಗಳು ಪ್ಲಾಸ್ಟಿಕ್ ಹಾಳೆ ಮೇಲೆ ಬೆಳ್ಳಿ ಶಾಯಿಯಲ್ಲಿ ಮುದ್ರಿಸಿದವು. ಕಾರಿನ ಹಿಂದಿನ ಗಾಜಿನಲ್ಲಿ ಮಂಜು ಕರಗಿಸೋ ಕಂದು ಗೆರೆಗಳೂ ಮುದ್ರಣವೇ. ಇದಕ್ಕಿಂತ ಹತ್ತಿರದ ಉದಾಹರಣೆ ಸೋಲಾರ್ ಪ್ಯಾನೆಲ್. ಸಿಲಿಕಾನ್ ಬಿಲ್ಲೆ ನೀಲಿಯಾಗಿ ಕಾಣೋದು ಅದರ ಮೇಲಿನ ಲೇಪನದಿಂದ. ಬೆಳಕು ವಾಪಸ್ ಹೋಗದ ಹಾಗೆ ಆ ಲೇಪನ ತಡೆಯುತ್ತೆ. ಅದರ ಮೇಲಿರೋ ಸಣ್ಣ ಬಿಳಿ ಗೆರೆಗಳು ಬೆಳ್ಳಿ ಪೇಸ್ಟಿನ ಸ್ಕ್ರೀನ್ ಪ್ರಿಂಟ್. ಮದುವೆ ಕಾರ್ಡು, ಟಿ-ಶರ್ಟ್ ಪ್ರಿಂಟ್ ಮಾಡೋವ್ರು ಬಳಸೋ ವಿಧಾನದ ಅಣ್ಣನೇ ಅದು. ಆಮೇಲೆ ಸುಮಾರು 800 ಡಿಗ್ರಿ ಶಾಖದಲ್ಲಿ ಹಾಯಿಸಿದಾಗ ಪೇಸ್ಟು ಲೇಪನವನ್ನು ತಿಂದುಕೊಂಡು ಒಳಗಿಳಿದು ಸಿಲಿಕಾನ್‌ಗೆ ತಾಗುತ್ತೆ. ನಮ್ಮದೇ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಪ್ಯಾನೆಲ್ ನೋಡೋಕೆ ದೂರ ಹೋಗಬೇಕಿಲ್ಲ.

ಹಾಗಾದ್ರೆ ನಾಳೆ ಯಾರೋ ಒಬ್ಬರು ‘ಲೇಪನ ಬಳಿದ ತಗಡಿನ ಮೇಲೆ ಸರ್ಕ್ಯೂಟ್ ಮುದ್ರಿಸೋದು ನನ್ನ ಆವಿಷ್ಕಾರ’ ಅಂತ ಅರ್ಜಿ ಹಾಕಿದ್ರೆ ಪೇಟೆಂಟ್ ಸಿಗುತ್ತಾ? ಅಲ್ಲೇ ಪರೀಕ್ಷೆ ಶುರುವಾಗೋದು.

ಪರೀಕ್ಷಕ ಕೇಳುವ ಪ್ರಶ್ನೆಗಳು

ದೇಶದಲ್ಲಿ ಪೇಟೆಂಟ್ ಕಚೇರಿ ಇರೋದು ಕೋಲ್ಕತ್ತಾ, ಚೆನ್ನೈ, ದೆಹಲಿ, ಮುಂಬೈನಲ್ಲಿ. ಕರ್ನಾಟಕದ ಅರ್ಜಿಗಳು ಚೆನ್ನೈಗೆ ಹೋಗ್ತವೆ. ಅಲ್ಲಿನ ಪರೀಕ್ಷಕ 1970ರ ಪೇಟೆಂಟ್ ಕಾಯ್ದೆ ಮುಂದಿಟ್ಟುಕೊಂಡು ಕೆಲವು ಪ್ರಶ್ನೆ ಕೇಳ್ತಾನೆ.

ಮೊದಲನೇದು, ಇದು ಹೊಸದಾ? ಅರ್ಜಿ ಹಾಕೋ ದಿನಕ್ಕೆ ಮುಂಚೆ ಪ್ರಪಂಚದ ಯಾವ ಮೂಲೆಯಲ್ಲೇ ಆಗಲಿ ಅದೇ ವಿಷಯ ಪುಸ್ತಕದಲ್ಲೋ, ಬೇರೆ ಪೇಟೆಂಟಿನಲ್ಲೋ ಬಂದಿದ್ರೆ ಅಲ್ಲಿಗೇ ಮುಗೀತು. 

ಎರಡನೇದು, ಹೊಸದೇ ಇರಬಹುದು, ಆದರೆ ಆ ಕಸುಬು ಗೊತ್ತಿರೋ ಯಾರಿಗಾದ್ರೂ ಸಹಜವಾಗಿ ಹೊಳೆಯೋ ಅಂಥದ್ದಾ? ಲೇಪನ ಗೊತ್ತಿತ್ತು, ಬೆಳ್ಳಿ ಶಾಯಿ ಗೊತ್ತಿತ್ತು, ಬಿಸಿ ಮಾಡೋದೂ ಗೊತ್ತಿತ್ತು. ಮೂರನ್ನೂ ಒಂದಾದ ಮೇಲೊಂದು ಮಾಡಿದ್ರಲ್ಲಿ ನಿನ್ನ ತಲೆ ಎಲ್ಲಿ ಓಡಿದೆ ತೋರಿಸು ಅಂತ ಕೇಳ್ತಾನೆ. ಹೆಚ್ಚಿನ ಅರ್ಜಿಗಳು ತಿಣುಕಾಡೋದು ಇಲ್ಲೇ. ಕಾಯ್ದೆಯ 3ನೇ ಸೆಕ್ಷನ್‌ನಲ್ಲೂ ಒಂದು ಬೀಗ ಇದೆ. ಗೊತ್ತಿರೋ ಸಾಧನಗಳನ್ನು ಸುಮ್ಮನೆ ಜೋಡಿಸಿಟ್ಟು, ಒಂದೊಂದೂ ತನ್ನ ಪಾಡಿಗೆ ತಾನು ಹಳೇ ಕೆಲಸವನ್ನೇ ಮಾಡ್ತಿದ್ರೆ ಅದು ಆವಿಷ್ಕಾರ ಅಲ್ಲ.

ಮೂರನೇದು, ಕೈಗಾರಿಕೆಯಲ್ಲಿ ಬಳಸೋಕೆ ಆಗುತ್ತಾ? ನಾಲ್ಕನೇದು, ಬರೆದಿರೋದನ್ನ ಓದಿ ಇನ್ನೊಬ್ಬ ಕಸುಬುದಾರ ಮಾಡಿ ನೋಡಬಹುದಾ? ಇದು ಬಹಳ ಜನರಿಗೆ ಗೊತ್ತಿಲ್ಲ. ಪೇಟೆಂಟ್ ಅಂದ್ರೆ ಗುಟ್ಟು ಕಾಪಾಡೋದಲ್ಲ, ಗುಟ್ಟು ಬಿಟ್ಟುಕೊಡೋದು. ಗುಟ್ಟನ್ನು ಪೂರ್ತಿ ಬರೆದುಕೊಟ್ರೆ ಸರ್ಕಾರ ಅರ್ಜಿಯ ದಿನದಿಂದ 20 ವರ್ಷದ ಹಕ್ಕು ಕೊಡುತ್ತೆ. ಅವಧಿ ಮುಗಿದ ಮೇಲೆ ಅದು ಊರಿನವರೆಲ್ಲರ ಆಸ್ತಿ.

ಒಂದು ಊಹೆಯ ಉದಾಹರಣೆ ತಗೊಳ್ಳಿ. ಕೊಬ್ಬರಿ ಡ್ರೈಯರ್‌ನ ಒಳಗೋಡೆಗೆ ಬಣ್ಣ ಬಳಿದು, ಅದರ ಮೇಲೆ ತೇವ ಅಳೆಯೋ ಸೆನ್ಸರ್ ಮುದ್ರಿಸಿದ್ರು ಅಂತಿಟ್ಕೊಳ್ಳಿ. ಬಣ್ಣ ಬಣ್ಣದ ಕೆಲಸ ಮಾಡುತ್ತೆ, ಸೆನ್ಸರ್ ಸೆನ್ಸರ್ ಕೆಲಸ ಮಾಡುತ್ತೆ. ಪರೀಕ್ಷಕ ಬಹುಶಃ ಒಪ್ಪಲ್ಲ. ಆದರೆ ಕೊಬ್ಬರಿಯ ಎಣ್ಣೆ ಜಿಡ್ಡು, ಹೊಗೆ, ಬಿಸಿ ಮೂರನ್ನೂ ತಡೆಯೋಕೆ ಆ ಲೇಪನಕ್ಕೆ ಏನೋ ಒಂದು ಬೆರೆಸಿದಾಗ, ಯಾರೂ ನಿರೀಕ್ಷೆ ಮಾಡದ ಹಾಗೆ ಸೆನ್ಸರ್ ಬಹಳ ಕಾಲ ಸರಿಯಾಗಿ ಓದಿದ್ರೆ, ಅದನ್ನ ಪ್ರಯೋಗದ ಲೆಕ್ಕ ಸಮೇತ ತೋರಿಸಿದ್ರೆ, ಆಗ ಕಥೆ ಬೇರೆ. ಲೇಪನವೂ ಮುದ್ರಣವೂ ಸೇರಿ ಹೊಸ ಫಲ ಕೊಟ್ಟ ಹಾಗಾಯ್ತು.

ಬಿರುಕು ಬಿಟ್ಟ ಕೆರೆ ಅಂಗಳದ ಹಾಗೆ

‘ಯಾರಿಗೂ ಹೊಳೆಯದ್ದು’ ಅಂದ್ರೆ ಹೇಗಿರುತ್ತೆ ಅನ್ನೋದಕ್ಕೆ ಬೆಂಗಳೂರಿನಲ್ಲೇ ಒಂದು ಒಳ್ಳೇ ಉದಾಹರಣೆ ಇದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರೊ. ಜಿ.ಯು. ಕುಲಕರ್ಣಿ ಮತ್ತು ಅವರ ತಂಡ ಪಾರದರ್ಶಕ ವಿದ್ಯುತ್ ಗಾಜು ಮಾಡೋ ಸುಲಭ ವಿಧಾನ ಹುಡುಕ್ತಿದ್ರು. ದಾಸನಪುರ ಹೋಬಳಿ ಶಿವನಪುರದಲ್ಲಿರೋ ನ್ಯಾನೋ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರದಲ್ಲೂ ಆ ಕೆಲಸ ಮುಂದುವರೀತು.

ಬಣ್ಣ ಬಳಿಯೋ ಯಾರನ್ನೇ ಕೇಳಿ, ಲೇಪನ ಬಿರುಕು ಬಿಟ್ರೆ ಅದು ಕೆಟ್ಟ ಕೆಲಸ ಅಂತಾರೆ. ಈ ತಂಡ ಉಲ್ಟಾ ಯೋಚನೆ ಮಾಡ್ತು. ಗಾಜಿನ ಮೇಲೆ ಬಿರುಕು ಬಿಡೋ ಲೇಪನವನ್ನೇ ಬೇಕಂತ ಬಳಿದರು. ಬೇಸಿಗೆಯಲ್ಲಿ ನೀರು ಬತ್ತಿದ ಕೆರೆ ಅಂಗಳ ಹೇಗೆ ಬಿರುಕು ಬಿಡುತ್ತೋ ಹಾಗೆ ಆ ಲೇಪನದಲ್ಲಿ ಕೂದಲಿಗಿಂತ ಸಣ್ಣ ಬಿರುಕಿನ ಜಾಲ ಮೂಡಿತು. ಅದರ ಮೇಲೆ ಲೋಹ ಕೂರಿಸಿ, ಆಮೇಲೆ ಲೇಪನ ತೊಳೆದುಬಿಟ್ಟರು. ಬಿರುಕಿನೊಳಗೆ ಕೂತಿದ್ದ ಲೋಹ ಮಾತ್ರ ಗಾಜಿನ ಮೇಲೆ ಉಳೀತು. ಬೆಳಕೂ ದಾಟುತ್ತೆ, ಕರೆಂಟೂ ಹರಿಯುತ್ತೆ, ಕಣ್ಣಿಗೆ ತಂತಿ ಕಾಣಲ್ಲ.

ಎಲ್ಲರೂ ಬೇಡ ಅಂತ ಎಸೆಯೋ ದೋಷವನ್ನೇ ಅಚ್ಚು ಮಾಡಿಕೊಂಡಿದ್ದು ಇಲ್ಲಿನ ವಿಶೇಷ. ಇಂಥ ಹೆಜ್ಜೆಗೆ ‘ಕಸುಬು ಗೊತ್ತಿರೋ ಯಾರಿಗಾದ್ರೂ ಹೊಳೆಯುತ್ತೆ’ ಅನ್ನೋ ಆಕ್ಷೇಪ ಹಾಕೋದು ಕಷ್ಟ. ಸುಮ್ಮನೆ ಬಣ್ಣ ಬದಲಾಯಿಸಿ, ಗೆರೆ ಅಗಲ ಮಾಡಿ ‘ಹೊಸ ಟೆಕ್ನಾಲಜಿ’ ಅನ್ನೋದಕ್ಕೂ ಇದಕ್ಕೂ ಇರೋ ವ್ಯತ್ಯಾಸ ಅದು.

1978ರ ತೀರ್ಪು: ವರ್ಕ್‌ಶಾಪಿನವರ ಪಾಲಿನ ಗುರಾಣಿ

ಸಣ್ಣ ಕಾರ್ಖಾನೆಯವರು ಮರೀಬಾರದ ಒಂದು ಕೇಸಿದೆ. ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಮತ್ತು ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ನಡುವಿನ ಜಗಳ. ಎರಡೂ ಕಡೆಯವರು ಉತ್ತರ ಪ್ರದೇಶದ ಮಿರ್ಜಾಪುರದ ಪಾತ್ರೆ ತಯಾರಕರು. ಲೇತ್ ಮೇಲೆ ಪಾತ್ರೆ ತಿರುಗಿಸಿ ಪಾಲಿಶ್ ಮಾಡುವಾಗ ಅದು ಹಾರಿ ಬೀಳದ ಹಾಗೆ ಹಿಡಿದಿಡೋ ಒಂದು ಸಾಧನಕ್ಕೆ ಒಬ್ಬರು 1951ರಲ್ಲಿ ಪೇಟೆಂಟ್ ಪಡೆದಿದ್ರು. ಇನ್ನೊಬ್ಬರು ಅದೇ ಥರ ಮಾಡಿದ್ರು ಅಂತ ಕೋರ್ಟಿಗೆ ಹೋಯ್ತು.

ಅಲಹಾಬಾದ್ ಹೈಕೋರ್ಟಿನ ಏಕಸದಸ್ಯ ಪೀಠ ಪೇಟೆಂಟ್ ರದ್ದು ಮಾಡ್ತು, ವಿಭಾಗೀಯ ಪೀಠ ಅದನ್ನ ಮತ್ತೆ ಉಳಿಸ್ತು. ಕೊನೆಗೆ 1978ರ ಡಿಸೆಂಬರ್ 13ರಂದು ಸುಪ್ರೀಂ ಕೋರ್ಟ್ ಪೇಟೆಂಟ್ ನಿಲ್ಲಲ್ಲ ಅಂತ ಹೇಳ್ತು. ಗೊತ್ತಿರೋ ಲೇತ್‌ಗೆ, ಗೊತ್ತಿರೋ ರೀತಿಯಲ್ಲೇ ಮಾಡಿದ ಬದಲಾವಣೆ ಬರೀ ವರ್ಕ್‌ಶಾಪ್ ಸುಧಾರಣೆ, ಆವಿಷ್ಕಾರ ಅನ್ನಿಸಿಕೊಳ್ಳೋಕೆ ಅದಕ್ಕಿಂತ ಹೆಚ್ಚು ಬೇಕು ಅನ್ನೋದು ತೀರ್ಪಿನ ಸಾರ. ಪೇಟೆಂಟ್ ಕಚೇರಿ ಮುದ್ರೆ ಒತ್ತಿದ ಮಾತ್ರಕ್ಕೆ ಅದು ಸಿಂಧು ಅಂತ ಗ್ಯಾರಂಟಿ ಇಲ್ಲ ಅನ್ನೋದನ್ನೂ ಕೋರ್ಟ್ ಸ್ಪಷ್ಟ ಮಾಡ್ತು.

ಕಾಯಿ ಸುಲಿಯೋ ಯಂತ್ರದ ಹಲ್ಲಿನ ಕೋನ ಸ್ವಲ್ಪ ಬದಲಾಯಿಸಿದ್ದಕ್ಕೆ ಇಡೀ ಯಂತ್ರವೇ ತನ್ನದು ಅಂತ ಯಾರಾದ್ರೂ ಬಂದ್ರೆ ಈ ತೀರ್ಪು ನೆನಪಿರಲಿ. ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ನಮ್ಮ ವರ್ಕ್‌ಶಾಪ್‌ಗಳು ಮಾಡೋ ಸುಧಾರಣೆಗಳಲ್ಲಿ ಬಹುಪಾಲು ಇದೇ ‘ಸಣ್ಣ ಬದಲಾವಣೆ’ ಗುಂಪಿಗೆ ಸೇರ್ತವೆ. ಚೀನಾ, ಜರ್ಮನಿಯಂಥ ದೇಶಗಳಲ್ಲಿ ಸಣ್ಣ ಸುಧಾರಣೆಗೂ ಕಡಿಮೆ ಅವಧಿಯ ಸಣ್ಣ ಪೇಟೆಂಟ್ ಕೊಡ್ತಾರೆ. ಭಾರತದಲ್ಲಿ ಆ ವ್ಯವಸ್ಥೆಯೇ ಇಲ್ಲ. ಯಂತ್ರದ ಆಕಾರಕ್ಕೆ 2000ದ ವಿನ್ಯಾಸ ಕಾಯ್ದೆಯಡಿ 10 ವರ್ಷ, ಮತ್ತೆ 5 ವರ್ಷ ನೋಂದಣಿ ಸಿಗುತ್ತೆ. ಆದ್ರೆ ಅದು ರೂಪಕ್ಕೆ ಮಾತ್ರ, ಕೆಲಸ ಮಾಡೋ ವಿಧಾನಕ್ಕಲ್ಲ. ಕೆಲವರು ಈ ವಿನ್ಯಾಸ ಸರ್ಟಿಫಿಕೇಟನ್ನೇ ಪೇಟೆಂಟ್ ಅಂತ ಹೇಳ್ಕೊಳ್ಳೋದೂ ಉಂಟು.

ವೇಗ ಬಂದಿದೆ, ಜೊತೆಗೆ ಒಂದು ಚಿಂತೆಯೂ

ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಪೇಟೆಂಟ್ ನಿಯಮ ಬದಲಾಯಿಸ್ತು. ಮೊದಲು ಅರ್ಜಿ ಹಾಕಿ 48 ತಿಂಗಳೊಳಗೆ ‘ಪರೀಕ್ಷೆ ಮಾಡಿ’ ಅಂತ ಕೋರಿಕೆ ಸಲ್ಲಿಸಬೇಕಿತ್ತು, ಈಗ ಅದು 31 ತಿಂಗಳು. ಕೋರಿಕೆ ಸಲ್ಲಿಸದಿದ್ರೆ ಅರ್ಜಿ ವಾಪಸ್ ಪಡೆದ ಲೆಕ್ಕ. ಅದೇ ಹೊತ್ತಿಗೆ, ಹಿಂದಿನ ಒಂದು ವರ್ಷದಲ್ಲಿ 1 ಲಕ್ಷಕ್ಕೂ ಹೆಚ್ಚು ಪೇಟೆಂಟ್ ಕೊಟ್ಟಿದ್ದೇವೆ ಅಂತ ಸರ್ಕಾರ ಪ್ರಕಟಿಸ್ತು.

ಬೇಗ ಆಗೋದು ಒಳ್ಳೇದೇ. ವರ್ಷಗಟ್ಟಲೆ ಕಾಯೋದು ಸಣ್ಣ ಉದ್ಯಮಿಗೂ ನಷ್ಟ. ಆದರೆ ಪರೀಕ್ಷೆ ಸಡಿಲ ಆದ್ರೆ ಅದರ ಬೆಲೆ ಕಟ್ಟೋದು ಯಾರು? ದೊಡ್ಡ ಕಂಪನಿ ಹೈಕೋರ್ಟಿಗೆ ಹೋಗಿ ಕೆಟ್ಟ ಪೇಟೆಂಟ್ ರದ್ದು ಮಾಡಿಸುತ್ತೆ. ಮೂರು ಜನ ಕೆಲಸಗಾರರನ್ನಿಟ್ಟುಕೊಂಡ ತುರುವೇಕೆರೆಯ ವರ್ಕ್‌ಶಾಪ್ ನೋಟಿಸ್ ನೋಡಿದ ದಿನವೇ ಆ ಯಂತ್ರ ಮಾಡೋದು ನಿಲ್ಲಿಸುತ್ತೆ. ಹಾಗಾಗಿ ಚೆನ್ನೈನಲ್ಲಿ ಪರೀಕ್ಷಕ ಗಟ್ಟಿಯಾಗಿ ಪ್ರಶ್ನೆ ಕೇಳೋದೇ ಸಣ್ಣವರಿಗೆ ಸಿಗೋ ಉಚಿತ ವಕೀಲಿಕೆ.

ಪೇಟೆಂಟ್ ಕೊಡೋ ಮುಂಚೆ ಯಾರು ಬೇಕಾದ್ರೂ ತಕರಾರು ಸಲ್ಲಿಸಬಹುದು ಅನ್ನೋದು ನಮ್ಮ ಕಾಯ್ದೆಯ ದೊಡ್ಡ ಗುಣ. ಹೊಸ ನಿಯಮದಲ್ಲಿ ಅದಕ್ಕೂ ಒಂದು ಜರಡಿ ಬಂದಿದೆ. ತಕರಾರು ವಿಚಾರಣೆಗೆ ಯೋಗ್ಯವಾ ಅಂತ ಮೊದಲು ಅಧಿಕಾರಿ ತೀರ್ಮಾನಿಸ್ತಾರೆ. ಮೊದಲು ಶುಲ್ಕ ಇರಲಿಲ್ಲ, ಈಗ ಶುಲ್ಕವೂ ಇದೆ. ಸುಮ್ಮಸುಮ್ಮನೆ ತಕರಾರು ಹಾಕಿ ಕಾಲ ತಳ್ಳೋರನ್ನ ತಡೆಯೋಕೆ ಅಂತ ಸಮರ್ಥನೆ ಇದೆ. ಆದರೆ ರೈತ ಸಂಘ, ಸಣ್ಣ ತಯಾರಕರಿಗೆ ಇದ್ದ ಬಾಗಿಲು ಕಿರಿದಾಗಿದ್ದೂ ನಿಜ.

ಸ್ಟಿಕ್ಕರ್ ಓದೋದು ಹೇಗೆ?

‘ಅರ್ಜಿ ಹಾಕಿದೆ’, ‘ಪ್ರಕಟವಾಗಿದೆ’, ‘ಮಂಜೂರಾಗಿದೆ’, ಈ ಮೂರೂ ಬೇರೆ ಬೇರೆ. ಅರ್ಜಿ ಯಾರು ಬೇಕಾದ್ರೂ ಹಾಕಬಹುದು. 18 ತಿಂಗಳಾದ ಮೇಲೆ ಅರ್ಜಿ ಸಾಮಾನ್ಯವಾಗಿ ತಾನಾಗೇ ಜರ್ನಲ್‌ನಲ್ಲಿ ಪ್ರಕಟ ಆಗುತ್ತೆ, ಅದಕ್ಕೆ ಯಾವ ಪರೀಕ್ಷೆಯೂ ಆಗಿರಲ್ಲ. ‘ನಮ್ಮ ಪೇಟೆಂಟ್ ಪ್ರಕಟವಾಗಿದೆ’ ಅಂತ ಫ್ಲೆಕ್ಸ್ ಹಾಕಿದ್ರೆ ಅದರರ್ಥ ಇಷ್ಟೇ. ಮಂಜೂರಾಗೋವರೆಗೂ ಯಾರ ಮೇಲೂ ಕೇಸ್ ಹಾಕೋಕೆ ಬರಲ್ಲ. ಮಂಜೂರಾದ್ರೆ ಮಾತ್ರ ಪ್ರಕಟವಾದ ದಿನದಿಂದ ಆದ ನಷ್ಟ ಕೇಳಬಹುದು. ಆದ್ದರಿಂದ ‘ಪೆಂಡಿಂಗ್’ ಅನ್ನೋದನ್ನ ಪೂರ್ತಿ ಕಡೆಗಣಿಸೋದೂ ಜಾಣತನ ಅಲ್ಲ.

ಮಂಜೂರಾದ ಪೇಟೆಂಟಿಗೂ ಮೂರನೇ ವರ್ಷದಿಂದ ನವೀಕರಣ ಶುಲ್ಕ ಕಟ್ಟಬೇಕು. ಕಟ್ಟದಿದ್ರೆ ಹಕ್ಕು ಹೋಗುತ್ತೆ, ಸ್ಟಿಕ್ಕರ್ ಮಾತ್ರ ಉಳಿಯುತ್ತೆ. ಚೀನಾದ ಪೇಟೆಂಟಿಗೆ ಇಲ್ಲಿ ಬೆಲೆ ಇಲ್ಲ, ಭಾರತದಲ್ಲಿ ಪಡೆದಿದ್ರೆ ಮಾತ್ರ ಉಂಟು. ಇದನ್ನೆಲ್ಲ ಸರ್ಕಾರದ ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ನಂಬರ್ ಹಾಕಿ ದುಡ್ಡಿಲ್ಲದೆ ನೋಡಬಹುದು. ನಂಬರ್ ಕೊಡದ ಮಾರಾಟಗಾರನ ಮಾತು ಅಲ್ಲಿಗೇ ಅನುಮಾನ.

ಇಲ್ಲದ ಪೇಟೆಂಟ್ ಇದೆ ಅಂತ ಹೇಳಿ ಮಾರೋದು ತಪ್ಪು. ಜನ ವಿಶ್ವಾಸ ಕಾಯ್ದೆಯ ತಿದ್ದುಪಡಿ ಆದ ಮೇಲೆ ಇದಕ್ಕೆ 10 ಲಕ್ಷ ರೂ.ವರೆಗೆ ದಂಡ ಇದೆ. ಬರೀ ಹೆದರಿಸೋಕೆ ನೋಟಿಸ್ ಕಳಿಸಿದ್ರೆ, ಆ ಬೆದರಿಕೆಗೆ ಆಧಾರ ಇಲ್ಲ ಅಂತ ತಿರುಗಿ ಕೋರ್ಟಿಗೆ ಹೋಗೋ ಹಕ್ಕೂ 106ನೇ ಸೆಕ್ಷನ್‌ನಲ್ಲಿದೆ.

ಹಳೇ ಬಿಲ್ ಬುಕ್ಕೇ ಸಾಕ್ಷಿ

ಬೇವಿನ ಎಣ್ಣೆಯಿಂದ ಶಿಲೀಂಧ್ರ ತಡೆಯೋ ವಿಧಾನಕ್ಕೆ ಅಮೆರಿಕದ ಕಂಪನಿಯೊಂದು ಯುರೋಪಿನಲ್ಲಿ ಪಡೆದಿದ್ದ ಪೇಟೆಂಟ್ 2000ದಲ್ಲಿ ರದ್ದಾಯ್ತು, 2005ರಲ್ಲಿ ಆ ತೀರ್ಪು ಗಟ್ಟಿಯಾಯ್ತು. ಅರಿಶಿನದಿಂದ ಗಾಯ ಮಾಯೋದಕ್ಕೆ ಅಮೆರಿಕದಲ್ಲಿ 1995ರಲ್ಲಿ ಕೊಟ್ಟ ಪೇಟೆಂಟ್ 1997ರಲ್ಲಿ ಬಿದ್ದುಹೋಯ್ತು. ‘ನಮ್ಮಜ್ಜಿ ಕಾಲದಿಂದ ಗೊತ್ತು’ ಅಂತ ಬರೀ ಬಾಯಿಮಾತಲ್ಲಿ ಹೇಳಿ ಗೆದ್ದಿದ್ದಲ್ಲ, ಹಳೇ ಬರಹ, ಹಳೇ ಬಳಕೆಯ ಪುರಾವೆ ಕೊಟ್ಟು ಗೆದ್ದಿದ್ದು.

ನಮ್ಮ ಕಾಯ್ದೆಯಲ್ಲೂ ಭಾರತದಲ್ಲಿ ಮೊದಲೇ ಬಹಿರಂಗವಾಗಿ ಬಳಕೆಯಲ್ಲಿತ್ತು ಅಂತ ತೋರಿಸಿದ್ರೆ ತಕರಾರು ನಿಲ್ಲುತ್ತೆ. ಸ್ಥಳೀಯ ಸಮುದಾಯದಲ್ಲಿ ಬಾಯಿಂದ ಬಾಯಿಗೆ ಬಂದ ಜ್ಞಾನವೂ ಲೆಕ್ಕಕ್ಕೆ ಬರುತ್ತೆ. ಅಂದ್ಮೇಲೆ ವರ್ಕ್‌ಶಾಪಿನವರು ಹಳೇ ಬಿಲ್ ಬುಕ್ಕು, ದಿನಾಂಕ ಇರೋ ಯಂತ್ರದ ಫೋಟೋ, ಕೈಯಲ್ಲಿ ಬರೆದ ಡ್ರಾಯಿಂಗ್ ರದ್ದಿಗೆ ಹಾಕಬಾರದು. ‘ಈ ಮಾಡೆಲ್ ನಾವು ಅವರಿಗಿಂತ ಮುಂಚೆಯೇ ಮಾರಿದ್ವಿ’ ಅಂತ ಹೇಳೋಕೆ ಆ ಹಾಳೆಗಳೇ ಬೇಕು.

ನಿಜವಾಗಲೂ ಹೊಸದೊಂದು ಮಾಡಿದವರಿಗೆ ಇದೇ ಮಾತು ತಿರುಗಿ ಬೀಳುತ್ತೆ. ಅರ್ಜಿ ಹಾಕೋ ಮುಂಚೆ ಯೂಟ್ಯೂಬ್‌ಗೆ ವಿಡಿಯೋ ಹಾಕಿದ್ರೆ, ವಾಟ್ಸಾಪ್ ಗ್ರೂಪಿಗೆ ಬಿಟ್ರೆ, ನಾಲ್ಕು ಯಂತ್ರ ಮಾರಿದ್ರೆ, ಅದು ‘ಹೊಸದು’ ಆಗಿ ಉಳಿಯಲ್ಲ. ನಿಮ್ಮ ಪೇಟೆಂಟಿಗೆ ನಿಮ್ಮದೇ ವಿಡಿಯೋ ಅಡ್ಡ ಬರುತ್ತೆ. ಮೊದಲು ತಾತ್ಕಾಲಿಕ ಅರ್ಜಿ ಹಾಕಿ, 12 ತಿಂಗಳೊಳಗೆ ಪೂರ್ಣ ಅರ್ಜಿ ಕೊಡೋ ದಾರಿ ಇದೆ. ಆನ್‌ಲೈನ್‌ನಲ್ಲಿ ಒಬ್ಬ ವ್ಯಕ್ತಿಗೆ ಅಥವಾ ಸಣ್ಣ ಉದ್ಯಮಕ್ಕೆ ಅರ್ಜಿ ಶುಲ್ಕ 1,600 ರೂ., ಪರೀಕ್ಷೆ ಕೋರಿಕೆಗೆ 4,000 ರೂ. ದೊಡ್ಡ ಕಂಪನಿಗಳಿಗೆ ಇದೇ 8,000 ಮತ್ತು 20,000. ಖರ್ಚು ಹೆಚ್ಚಾಗೋದು ಅರ್ಜಿ ಬರೆಸೋಕೆ. ಅದಕ್ಕೆ ಬೆಂಗಳೂರಿನ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರದಲ್ಲಿ ಸಲಹೆ ಕೇಳಬಹುದು. ಓದು ಕಡಿಮೆ ಇದ್ದೂ ಕೈಚಳಕ ಇರೋರಿಗೆ ಗಾಂಧಿನಗರದ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ ನೆರವಾಗುತ್ತೆ.

ಕೊಬ್ಬರಿ ಕ್ವಿಂಟಲ್‌ಗೆ ಎಷ್ಟು ಅಂತ ದಿನಾ ಕೇಳೋ ಊರು ಇದು. ಹರಾಜಿನಲ್ಲಿ ಕೂಗಿದ ಬೆಲೆಯನ್ನ ಚೀಟಿ ನೋಡದೆ ಯಾರೂ ನಂಬಲ್ಲ. ಪೇಟೆಂಟ್ ಅಂದಾಗಲೂ ಅಷ್ಟೇ, ಮೊದಲು ನಂಬರ್ ಕೇಳಿ, ಮಂಜೂರಾಗಿದೆಯಾ ನೋಡಿ, ಹಕ್ಕು ಯಾವ ಭಾಗಕ್ಕೆ ಅಂತ ಓದಿಸಿ. ಯಂತ್ರ ಕೊಳ್ಳೋದಾ, ಮಾಡೋದಾ, ನಿಲ್ಲಿಸೋದಾ ಅನ್ನೋದನ್ನ ಆಮೇಲೆ ತೀರ್ಮಾನಿಸಿ.